ಕೊಲಂಬಿಯಾ ದಂಡೆಯಲ್ಲಿ ‘ಮೋಡ’ದ ಉಗ್ರಾಣ

ಅಮೆರಿಕದ ಆರೆಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರವನ್ನು ಬಿಟ್ಟು ಪೂರ್ವಕ್ಕೆ ಹೊರಟರೆ, ಎಡಕ್ಕೆ ಕೊಲಂಬಿಯಾ ನದಿ ಜತೆಗೇ ಬರುತ್ತದೆ. ಬಲಕ್ಕೆ ಕಡಿದಾದ ಬಂಡೆಗಳು, ಅವುಗಳಿಂದ ಧುಮುಕುವ ಜಲಪಾತಗಳು. ಅವುಗಳಲ್ಲಿ ದೊಡ್ಡದಾದ ಮಲ್ಟ್ನೋಮಾ 189 ಮೀಟರ್ ಎತ್ತರದಿಂದ ಬೀಳುತ್ತದೆ. ದೇವದಾರು ಜಾತಿಯ ಮರಗಳು, ಪಾಚಿ, ಜರಿಗಿಡ, ಎಲ್ಲೆಲ್ಲೂ ಹಸಿರು. ಆದರೆ ಇನ್ನೊಂದು ಗಂಟೆ ಕಳೆಯುವಷ್ಟರಲ್ಲಿ ಆ ಹಸಿರು ಮಾಯವಾಗಿ, ಗುಡ್ಡಗಳು ಒಣಹುಲ್ಲಿನ ಹೊಂಬಣ್ಣಕ್ಕೆ ತಿರುಗುತ್ತವೆ. ಆಗುಂಬೆಯಲ್ಲಿ ಮಳೆಗೆ ನೆನೆದು ಚಿತ್ರದುರ್ಗದ ಕಡೆ ಹೊರಟವರಿಗೆ ಆಗುವ ಅನುಭವವೇ ಇಲ್ಲೂ ಆಗುತ್ತದೆ. ಅಲ್ಲಿ ಸಹ್ಯಾದ್ರಿ ಮಾಡುವ ಕೆಲಸವನ್ನು ಇಲ್ಲಿ ಕ್ಯಾಸ್ಕೇಡ್ ಪರ್ವತಶ್ರೇಣಿ ಮಾಡುತ್ತದೆ. ಸಮುದ್ರದಿಂದ ಬಂದ ಮೋಡಗಳೆಲ್ಲ ಪಶ್ಚಿಮದ ಇಳಿಜಾರಿನಲ್ಲೇ ಬರಿದಾಗುತ್ತವೆ.

ಹೀಗೆ ಮೋಡ ಕೈಬಿಟ್ಟ ಜಾಗದಲ್ಲಿ, ಪೋರ್ಟ್‌ಲ್ಯಾಂಡಿನಿಂದ ಸುಮಾರು 135 ಕಿಲೋಮೀಟರ್ ದೂರದಲ್ಲಿ, ದ ಡಾಲ್ಸ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ 16 ಸಾವಿರದ ಆಸುಪಾಸು. ಸುತ್ತಲೂ ಚೆರ್ರಿ ಹಣ್ಣಿನ ತೋಟಗಳು. ಸೋಜಿಗವೆಂದರೆ, ಇಂದು ಜಗತ್ತಿನ ವಿದ್ಯಾರ್ಥಿಗಳು ‘ಕ್ಲೌಡ್’ ಎಂದು ಕರೆಯುವ ಇನ್ನೊಂದು ಬಗೆಯ ಮೋಡ ನೆಲಕ್ಕಿಳಿದು ಮನೆ ಕಟ್ಟಿದ್ದು ಇದೇ ಊರಿನಲ್ಲಿ. ಗೂಗಲ್ ಸಂಸ್ಥೆ ತಾನೇ ಕಟ್ಟಿಸಿದ ಮೊದಲ ದತ್ತಾಂಶ ಕೇಂದ್ರ ಇಲ್ಲಿ ಕೆಲಸ ಆರಂಭಿಸಿದ್ದು 2006ರಲ್ಲಿ.

ವಾಸ್ತುಶಿಲ್ಪ, ಅನಿಮೇಷನ್, ಉಡುಪು ವಿನ್ಯಾಸ, ಜಾಹೀರಾತು ಕಲೆ ಇತ್ಯಾದಿ ಓದುವ ಮಕ್ಕಳು ಮನೆಯಲ್ಲಿದ್ದರೆ ತಂದೆತಾಯಿಯರ ಕಿವಿಗೆ ಒಂದು ಮಾತು ಬಿದ್ದೇ ಇರುತ್ತದೆ: “ಎಲ್ಲ ಕ್ಲೌಡ್‌ನಲ್ಲಿದೆ, ಚಿಂತೆ ಬೇಡ.” ಆ ಕ್ಲೌಡ್ ಎಂಬುದು ಎಲ್ಲಿದೆ, ಹೇಗಿದೆ, ಅಲ್ಲಿಟ್ಟದ್ದು ನಿಜಕ್ಕೂ ಉಳಿಯುತ್ತದೆಯೇ ಎಂದು ತಿಳಿಯಬಯಸುವವರು ದ ಡಾಲ್ಸ್ ಊರನ್ನೊಮ್ಮೆ ನೋಡಬೇಕು. ಅಲ್ಲಿ ಹೊಸ ಉಗ್ರಾಣದ ಜತೆಗೆ, ಬಹಳ ಹಳೆಯ ಉಗ್ರಾಣವೊಂದರ ಕಥೆಯೂ ಇದೆ.

ಬಂಡೆಯ ಮೇಲೆ ಬರೆದದ್ದು

‘ಡಾಲ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಲ್ಲುಚಪ್ಪಡಿ. ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚ್ ಮಾತಿನ ವರ್ತಕರು ಇಲ್ಲಿನ ಕಪ್ಪು ಬಸಾಲ್ಟ್ ಬಂಡೆಗಳನ್ನೂ, ಅವುಗಳ ನಡುವೆ ನುಗ್ಗುವ ನದಿಯ ಸೆಳವನ್ನೂ ನೋಡಿ ಈ ಹೆಸರಿಟ್ಟರು. ಊರಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ಮೇಲ್ಗಡೆ ಸಿಲೈಲೊ ಎಂಬ ಜಲಪಾತವಿತ್ತು. ಸಾವಿರಾರು ವರ್ಷಗಳಿಂದ ಇಲ್ಲಿನ ಮೂಲನಿವಾಸಿಗಳು ಬಂಡೆಗೆ ಮರದ ಅಟ್ಟಣೆ ಕಟ್ಟಿ, ಉದ್ದನೆಯ ಕೋಲಿನ ಬಲೆಯಿಂದ ಸಾಲ್ಮನ್ ಮೀನು ಹಿಡಿಯುತ್ತಿದ್ದರು. ಮೀನಿಗಾಗಿ ದೂರದೂರದ ಬುಡಕಟ್ಟುಗಳು ಬಂದು ಸೇರುತ್ತಿದ್ದವು. ಒಣಮೀನು, ಬುಟ್ಟಿ, ಚರ್ಮ, ಶಂಖದ ಮಣಿಗಳ ವಿನಿಮಯ ನಡೆಯುತ್ತಿತ್ತು. 1805ರ ಅಕ್ಟೋಬರಿನಲ್ಲಿ ಈ ದಾರಿಯಾಗಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಕಂಡದ್ದು ಇಂಥದೊಂದು ದೊಡ್ಡ ಸಂತೆಯ ತಾಣವನ್ನು.

ಆ ಸಂತೆಗೂ ಕಟ್ಟುಪಾಡುಗಳಿದ್ದವು. ಮೀನು ಹಿಡಿಯುವ ಒಂದೊಂದು ಜಾಗವೂ ಒಂದೊಂದು ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಸೇರಿದ್ದು. ಬೇರೆಯವರು ಅಲ್ಲಿ ಬಲೆ ಹಾಕಬೇಕಾದರೆ ಕೇಳಿಯೇ ಹಾಕಬೇಕು. ಹಂಗಾಮು ಯಾವಾಗ ಆರಂಭ, ಯಾವಾಗ ಮುಗಿತಾಯ ಎಂಬುದನ್ನು ನಿರ್ಧರಿಸುವವನು ‘ಸಾಲ್ಮನ್ ಮುಖಂಡ’. ಎಲ್ಲರಿಗೂ ಪಾಲುಂಟು, ಆದರೆ ಎಲ್ಲರಿಗೂ ಎಲ್ಲ ಅಧಿಕಾರವೂ ಇಲ್ಲ. ಹಂಚಿಕೊಳ್ಳುವುದೆಂದರೆ ಏನೆಂಬುದು ಆ ಜನರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಬಿಟ್ಟುಹೋದ ಚಿತ್ರಗಳು ನದಿದಂಡೆಯ ಬಂಡೆಗಳ ಮೇಲಿವೆ. ಕೊಂಬಿನ ಜಿಂಕೆ, ಗೂಬೆ, ಕಿರಣ ಸೂಸುವ ದುಂಡು ಮುಖಗಳು. ಎಲ್ಲಕ್ಕಿಂತ ಪ್ರಸಿದ್ಧವಾದುದು ‘ತ್ಸಗಗ್ಲಲಾಲ್’. ಹಾಗೆಂದರೆ ‘ನೋಡುತ್ತಿರುವವಳು’. ಬಂಡೆಯಲ್ಲಿ ಕೊರೆದು, ಕೆಂಪು ಬಣ್ಣ ತುಂಬಿದ ಅಗಲ ಕಣ್ಣುಗಳ ಮುಖ. ತನ್ನ ಜನರನ್ನು ಸದಾ ಕಾಯಬೇಕೆಂದು ಊರಿನ ಒಡತಿಯನ್ನು ಮಾಯಾವಿ ಕಾಯೋಟಿ ನರಿ ಕಲ್ಲಾಗಿಸಿತೆಂಬುದು ಐತಿಹ್ಯ. ಕೊರೆದವರು ಯಾರೋ, ಅವರ ಹೆಸರೇನೋ, ವಿನ್ಯಾಸ ಮಾತ್ರ ಉಳಿದಿದೆ.

ಆದರೆ ಎಲ್ಲ ವಿನ್ಯಾಸಗಳೂ ಉಳಿಯಲಿಲ್ಲ. 1952ರಲ್ಲಿ ಇಲ್ಲಿ ದೊಡ್ಡ ಅಣೆಕಟ್ಟಿನ ಕೆಲಸ ಶುರುವಾಯಿತು. 1957ರ ಮಾರ್ಚ್ 10ರಂದು ಅದರ ಬಾಗಿಲುಗಳನ್ನು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಸಿಲೈಲೊ ಜಲಪಾತ ನೀರಿನಡಿ ಸೇರಿ, ಅದರ ಭೋರ್ಗರೆತ ನಿಂತಿತು. ದಡದಲ್ಲಿ ನಿಂತಿದ್ದ ಹಿರಿಯರು ಅದನ್ನು ನೋಡಿದರು. ಬುಡಕಟ್ಟುಗಳಿಗೆ ಸುಮಾರು 2.7 ಕೋಟಿ ಡಾಲರ್ ಪರಿಹಾರ ಸಿಕ್ಕಿತು, ಜಲಪಾತ ಸಿಗಲಿಲ್ಲ. ಮುಳುಗಡೆಯ ನೋವೇನೆಂಬುದನ್ನು ಶರಾವತಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರಗಳಿದ್ದ ಕಣಿವೆಯೂ ಅದೇ ನೀರಿನಲ್ಲಿ ಮುಳುಗಿತು. ಅದಕ್ಕೆ ಮುಂಚೆ ಕೆಲವು ಬಂಡೆಗಳನ್ನು ಕಡಿದು ಮೇಲೆತ್ತಿದರು. ಅವು ಅಣೆಕಟ್ಟಿನ ಆವರಣದಲ್ಲಿ ದಶಕಗಳ ಕಾಲ ಬಿದ್ದಿದ್ದು, 2000ದ ದಶಕದ ಮೊದಲ ವರ್ಷಗಳಲ್ಲಿ ನದಿಯಾಚೆಯ ಕೊಲಂಬಿಯಾ ಹಿಲ್ಸ್ ಉದ್ಯಾನಕ್ಕೆ ಬಂದವು. ಈಗ ಕಾಲುದಾರಿಯ ಪಕ್ಕದಲ್ಲಿ ಸಾಲಾಗಿ ನಿಂತಿವೆ. ಆ ದಾರಿಯ ಹೆಸರು ‘ತೆಮಾನಿ ಪೆಶ್‌ವಾ’, ಎಂದರೆ ‘ಬಂಡೆಯ ಮೇಲೆ ಬರೆದದ್ದು’. ಎತ್ತಿಟ್ಟವು ಉಳಿದವು. ಉಳಿದವುಗಳಲ್ಲಿ ಕೆಲವು ಫೋಟೋಗಳಲ್ಲಿವೆ. ಎತ್ತಲೂ ಇಲ್ಲದ, ಫೋಟೋವನ್ನೂ ತೆಗೆಯದ ಚಿತ್ರಗಳ ಸಂಗತಿ ನದಿಗೆ ಮಾತ್ರ ಗೊತ್ತು.

ವಿದ್ಯುತ್ತಿನ ದಾರಿ ಹಿಡಿದು ಬಂದ ಮೋಡ

ಅಣೆಕಟ್ಟಿನಿಂದ ವಿದ್ಯುತ್ ಬಂತು. ಸಾಮರ್ಥ್ಯ 1,800 ಮೆಗಾವ್ಯಾಟ್‌ಗೂ ಹೆಚ್ಚು. ಹೋಲಿಕೆಗೆ, ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅಗ್ಗದ ವಿದ್ಯುತ್ತನ್ನು ಹುಡುಕಿಕೊಂಡು 1958ರಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಬಂತು. ಊರಿನ ನೂರಾರು ಮನೆಗಳ ಒಲೆ ಉರಿದದ್ದು ಅದರಿಂದ. ಹೊಸ ಶತಮಾನ ಕಾಲಿಡುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು.

ಆ ಹೊತ್ತಿನಲ್ಲಿ, 2005ರಲ್ಲಿ, ನದಿಯ ಪಕ್ಕದ ಜಮೀನನ್ನು ಒಂದು ಅಪರಿಚಿತ ಕಂಪನಿ ಕೊಂಡಿತು. ಹೆಸರು ‘ಡಿಸೈನ್ ಎಲ್‌ಎಲ್‌ಸಿ’. ಡಿಸೈನ್ ಎಂದರೆ ವಿನ್ಯಾಸ! ಅದರ ಹಿಂದೆ ಇದ್ದದ್ದು ಗೂಗಲ್. ಹುಡುಕಾಟದ ಯಂತ್ರವೊಂದಕ್ಕೆ ಚೆರ್ರಿ ತೋಟಗಳ ಊರಿನಲ್ಲಿ ಏನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಸರಳ. ಅಗ್ಗದ ಜಲವಿದ್ಯುತ್, ಬೇಕಾದಷ್ಟು ಜಾಗ, ತೆರಿಗೆ ರಿಯಾಯಿತಿ, ತಣ್ಣಗಿಡಲು ನೀರು. ಜತೆಗೆ, ಊರಿನವರೇ ಮುಂದಾಲೋಚನೆಯಿಂದ ಹಾಕಿಸಿಕೊಂಡಿದ್ದ ಫೈಬರ್ ತಂತಿಯ ಜಾಲ.

ಇಂದು ಅಲ್ಲಿಗೆ ಹೋದ ಪ್ರವಾಸಿಗೆ ಕಾಣುವುದು ಕಡಿಮೆ. ಬೇಲಿ, ಕಾವಲು, ಕಿಟಕಿಗಳೇ ಇಲ್ಲದ ಉದ್ದುದ್ದ ಕಟ್ಟಡಗಳು, ಚಳಿಯ ಬೆಳಗುಗಳಲ್ಲಿ ತಂಪುಗೋಪುರಗಳಿಂದ ಏಳುವ ಬಿಳಿಯ ಆವಿ. ಒಳಗೆ ಬಿಡುವುದಿಲ್ಲ. 2012ರಲ್ಲಿ ಸಂಸ್ಥೆಯೇ ಹೊರಗೆಡಹಿದ ಫೋಟೋಗಳಲ್ಲಿ ಕೆಂಪು, ನೀಲಿ, ಹಸಿರು, ಹಳದಿ ಬಣ್ಣ ಬಳಿದ ದಪ್ಪ ಕೊಳವೆಗಳು, ಅಂತ್ಯವೇ ಇಲ್ಲದಂತೆ ಸಾಲುಗಟ್ಟಿದ ಯಂತ್ರದ ಕಪಾಟುಗಳು ಕಾಣುತ್ತವೆ.

ಹಾಗೆಂದು ಧಾರವಾಡದ ವಿದ್ಯಾರ್ಥಿನಿಯ ಚಿತ್ರ ದ ಡಾಲ್ಸ್‌ನಲ್ಲೇ ಇದೆ ಎಂದು ಯಾರೂ ಹೇಳಲಾಗದು. ಯಾವ ಕಡತ ಯಾವ ಕಟ್ಟಡದಲ್ಲಿದೆ ಎಂಬುದನ್ನು ಸಾಮಾನ್ಯ ಬಳಕೆದಾರರಿಗೆ ತಿಳಿಸುವ ಪದ್ಧತಿಯಿಲ್ಲ. ಇಂಥ ಕೇಂದ್ರಗಳು ಅನೇಕ ದೇಶಗಳಲ್ಲಿವೆ. ಭಾರತದಲ್ಲಿ ಗೂಗಲ್‌ನ ಕ್ಲೌಡ್ ಸೇವೆ ಮುಂಬಯಿಯಲ್ಲಿ 2017ರಲ್ಲಿ, ದೆಹಲಿ ಪ್ರದೇಶದಲ್ಲಿ 2021ರಲ್ಲಿ ನೆಲೆಯೂರಿತು. ಆದರೆ ಎಲ್ಲೇ ಇರಲಿ, ‘ಮೋಡ’ ಎಂದರೆ ಆಕಾಶದ್ದಲ್ಲ; ನೆಲ, ನೀರು, ಕರೆಂಟು ಬೇಡುವ ಕಟ್ಟಡ ಎಂಬುದಂತೂ ದಿಟ.

ತುಂಡು ತುಂಡಾಗಿ ಕೂಡಿಡುವ ಬಗೆ

ಈ ಉಗ್ರಾಣದ ಕ್ರಮವನ್ನು ಗೂಗಲ್‌ನ ಎಂಜಿನಿಯರುಗಳು 2003ರ ಒಂದು ಪ್ರಬಂಧದಲ್ಲಿ ವಿವರಿಸಿದ್ದಾರೆ. ದೊಡ್ಡ ಕಡತವನ್ನು 64 ಮೆಗಾಬೈಟ್ ಗಾತ್ರದ ತುಂಡುಗಳಾಗಿ ಸೀಳುವುದು. ಪ್ರತಿ ತುಂಡಿಗೂ ಸಾಮಾನ್ಯವಾಗಿ ಮೂರು ಪ್ರತಿ ಮಾಡಿ ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು. ತುಂಡು ಕೆಟ್ಟಿದೆಯೇ ಎಂದು ತಿಳಿಯಲು ಅದರ ಜತೆಗೊಂದು ತಾಳೆಯ ಅಂಕಿ. ಒಂದು ಡಿಸ್ಕ್ ಸತ್ತರೆ ಉಳಿದ ಪ್ರತಿಗಳಿಂದ ಹೊಸ ಪ್ರತಿ ತಾನಾಗಿ ಹುಟ್ಟುತ್ತದೆ. ಮುಂದಿನ ವರ್ಷಗಳಲ್ಲಿ ಪದ್ಧತಿ ಬಹಳ ಸುಧಾರಿಸಿತು, ಆದರೆ ಮೂಲ ನಂಬಿಕೆ ಬದಲಾಗಲಿಲ್ಲ. ಯಂತ್ರ ಕೆಡದಿರಲಿ ಎಂದು ಹಾರೈಸುವ ಬದಲು, ಕೆಟ್ಟೇ ಕೆಡುತ್ತದೆ ಎಂದು ತಿಳಿದು ವ್ಯವಸ್ಥೆ ಮಾಡಿಕೊಳ್ಳುವುದು.

ಹಾಗಾದರೆ ಭಯವಿಲ್ಲವೇ? ಮೂರು ಪ್ರಸಂಗಗಳನ್ನು ನೋಡಬಹುದು.

2011ರ ಫೆಬ್ರವರಿಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಸುವವರಲ್ಲಿ ಶೇಕಡ 0.02ರಷ್ಟು ಮಂದಿಯ ಪೆಟ್ಟಿಗೆಗಳು ಬರಿದಾದವು. ಪ್ರತಿಗಳು ಹಲವು ಕಡೆ ಇದ್ದವು, ಆದರೆ ದೋಷ ಆ ಪ್ರತಿಗಳನ್ನೂ ಮುಟ್ಟಿತ್ತು. ಪತ್ರಗಳನ್ನು ಮರಳಿ ತಂದುಕೊಟ್ಟದ್ದು ಹಳೇ ಕಾಲದ ಮ್ಯಾಗ್ನೆಟಿಕ್ ಟೇಪು. ಅದು ಜಾಲಕ್ಕೆ ಅಂಟಿಕೊಂಡಿರದೆ ಬೇರೆ ಇದ್ದುದರಿಂದಲೇ ಬಚಾವಾಗಿತ್ತು.

2021ರ ಮಾರ್ಚ್ 10ರಂದು, ಸಿಲೈಲೊ ಮುಳುಗಿದ ತಾರೀಖಿನಂದೇ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಹೆಚ್‌ಕ್ಲೌಡ್ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಸುಟ್ಟುಹೋಯಿತು. ಪ್ರಾಣಹಾನಿ ಆಗಲಿಲ್ಲ. ಆದರೆ ಮೂಲವನ್ನೂ ಪ್ರತಿಯನ್ನೂ ಒಂದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರಲ್ಲಿ ಕೆಲವರು ಎರಡನ್ನೂ ಕಳೆದುಕೊಂಡರು.

ಮೂರನೆಯದು ಮಕ್ಕಳಿಗೆಲ್ಲ ಗೊತ್ತಿರುವ ‘ಟಾಯ್ ಸ್ಟೋರಿ 2’ ಚಿತ್ರದ್ದು. 1998ರಲ್ಲಿ, ಚಿತ್ರ ತಯಾರಾಗುತ್ತಿದ್ದಾಗ, ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ ಪಿಕ್ಸಾರ್ ಸ್ಟುಡಿಯೋದಲ್ಲಿ ಅದರ ಬಹುಪಾಲು ಕಡತಗಳು ಅಳಿಸಿಹೋದವು. ಪ್ರತಿ ತೆಗೆದಿಡುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ! ಎಳೆಗೂಸಿನ ಕಾರಣದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ತಾಂತ್ರಿಕ ಮುಖ್ಯಸ್ಥೆ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು. ಚಿತ್ರ 1999ರಲ್ಲಿ ತೆರೆಕಂಡಿತು.

ಮೂರೂ ಕಥೆಗಳ ನೀತಿ ಒಂದೇ. ಪ್ರತಿಗಳು ಎಷ್ಟಿವೆ ಎಂಬುದಕ್ಕಿಂತ, ಅವು ಒಂದರಿಂದ ಒಂದು ಎಷ್ಟು ದೂರ ಇವೆ ಎಂಬುದು ಮುಖ್ಯ.

ವಿದ್ಯಾರ್ಥಿಯ ಗಂಟುಮೂಟೆ

ಕ್ಲೌಡ್‌ಗೆ ಹೊಂದಿಸಿಟ್ಟ ಕಂಪ್ಯೂಟರ್ ಫೋಲ್ಡರನ್ನು ಪ್ರತಿ ಎಂದು ಭಾವಿಸುವುದು ಸಾಮಾನ್ಯ. ಅದು ಕನ್ನಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. 2020ರ ಅಕ್ಟೋಬರಿನಿಂದ ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ ಬಿದ್ದ ಕಡತ 30 ದಿನಗಳ ನಂತರ ತಾನಾಗಿ ಇಲ್ಲವಾಗುತ್ತದೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ತೆಗೆದುಹಾಕುವ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂದಿದೆ. ಇನ್ನೊಂದು ಅಪಾಯ ಪದವಿಯ ಜತೆಗೇ ಬರುತ್ತದೆ. ಕಾಲೇಜು ಕೊಟ್ಟ ಖಾತೆಯಲ್ಲಿ ನಾಲ್ಕು ವರ್ಷದ ಕೆಲಸವನ್ನೆಲ್ಲ ತುಂಬಿಟ್ಟ ವಿದ್ಯಾರ್ಥಿಗೆ, ಓದು ಮುಗಿದ ಮೇಲೆ ಆ ಖಾತೆ ಉಳಿಯುತ್ತದೆಂಬ ಖಾತರಿಯಿಲ್ಲ. ಘಟಿಕೋತ್ಸವದ ನಿಲುವಂಗಿಗೆ ಅಳತೆ ಕೊಡುವ ಮುನ್ನವೇ ಕಡತಗಳನ್ನು ಸ್ವಂತ ಜಾಗಕ್ಕೆ ಇಳಿಸಿಕೊಳ್ಳುವುದು ಜಾಣತನ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಎಂಬ ಸೂತ್ರ ನೆನಪಿಡಲು ಸುಲಭ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದಾದರೂ ಮನೆಯಿಂದಾಚೆ. ಕಂಪ್ಯೂಟರಿನಲ್ಲಿ ಒಂದು, ಕಪಾಟಿನಲ್ಲಿಟ್ಟ ಬಿಡಿ ಡಿಸ್ಕಿನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಇದ್ದರೆ ಲೆಕ್ಕ ಸರಿಹೋಯಿತು. ಬಿಡಿ ಡಿಸ್ಕನ್ನು ಸದಾ ಚುಚ್ಚಿಟ್ಟರೆ ಅದೂ ಕನ್ನಡಿಯ ಗುಂಪಿಗೇ ಸೇರುತ್ತದೆ. ವರ್ಷಕ್ಕೆ ಎರಡು ಸಲವಾದರೂ ಆ ಪ್ರತಿಯನ್ನು ತೆರೆದು ನೋಡಬೇಕು. ಪಿಕ್ಸಾರ್‌ನವರು ಕಲಿತ ಪಾಠ ಅದೇ ಅಲ್ಲವೇ?

ವಿನ್ಯಾಸದ ಕಡತಕ್ಕೆ ಇನ್ನೊಂದು ತೊಡಕುಂಟು. ಅದು ಒಂಟಿಯಲ್ಲ, ಸಂಸಾರಸ್ಥ. ಒಂದು ಭಿತ್ತಿಪತ್ರದ ಹಿಂದೆ ಪದರಗಳುಳ್ಳ ಮೂಲ ಕಡತ, ಹೊರಗಿನಿಂದ ಜೋಡಿಸಿದ ಫೋಟೋಗಳು, ಅಕ್ಷರಶೈಲಿಗಳು ಎಲ್ಲ ಇರುತ್ತವೆ. ಒಂದನ್ನು ಕಳಿಸಿ ಉಳಿದವನ್ನು ಮರೆತರೆ ಆಚೆಯವರಿಗೆ ಅರ್ಧ ಚಿತ್ರವೇ ಕಾಣುವುದು. ಕನ್ನಡದವರಿಗಂತೂ ಇದರ ಅನುಭವ ಹೆಚ್ಚು. ಹಳೆಯ ಆಸ್ಕಿ ಪದ್ಧತಿಯ ಫಾಂಟಿನಲ್ಲಿ ಕೂರಿಸಿದ ಕನ್ನಡ ಪಠ್ಯ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡ್ ಬಳಸುವುದು, ಮೂಲದ ಜತೆಗೊಂದು ಪಿಡಿಎಫ್ ಇಡುವುದು, ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಕಟ್ಟಿಡುವುದು ಇದಕ್ಕೆ ಮದ್ದು.

ಹಂಚಿಕೊಳ್ಳುವಾಗ ಸಿಲೈಲೊ ಮೀನುಗಾರರ ಕಟ್ಟುಪಾಡು ನೆನಪಾಗಬೇಕು. ನೋಡುವ ಹಕ್ಕು ಬೇರೆ, ಅಭಿಪ್ರಾಯ ಬರೆಯುವ ಹಕ್ಕು ಬೇರೆ, ತಿದ್ದುವ ಹಕ್ಕು ಬೇರೆ. ‘ಕೊಂಡಿ ಇರುವ ಯಾರಾದರೂ ನೋಡಬಹುದು’ ಎಂದು ಬಿಟ್ಟರೆ ಆ ಕೊಂಡಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ ಎಲ್ಲಿಗೆ ಮುಟ್ಟುವುದೋ ಹೇಳಲಾಗದು. ಗುಂಪಿನ ಕೆಲಸದಲ್ಲಿ ಕಡತದ ಒಡೆತನ ಯಾರದೆಂಬುದು ಮೊದಲೇ ತೀರ್ಮಾನವಾಗಬೇಕು, ಏಕೆಂದರೆ ಒಡೆಯ ಅದನ್ನು ಕೊನೆಗಾಣಿಸಿದರೆ ಎಲ್ಲರಿಗೂ ಅದು ಹೋದಂತೆಯೇ. ಹಳೆಯ ಆವೃತ್ತಿಗಳೂ ಶಾಶ್ವತವಲ್ಲ. ಡ್ರೈವ್‌ಗೆ ಏರಿಸಿದ ಚಿತ್ರ, ಪಿಡಿಎಫ್ ಮುಂತಾದವುಗಳ ಹಿಂದಿನ ಆವೃತ್ತಿಗಳು, ಉಳಿಸಿಕೊಳ್ಳಬೇಕೆಂದು ಗುರುತು ಹಾಕದಿದ್ದರೆ, 30 ದಿನಗಳ ನಂತರ ಅಳಿಸಿಹೋಗಬಹುದು.

ನೀರಿನ ಲೆಕ್ಕ

ಉಗ್ರಾಣಕ್ಕೆ ಬಾಡಿಗೆ ಕೊಡುವವರು ಯಾರು? ವಿದ್ಯಾರ್ಥಿಗೆ ಅದು ಪುಕ್ಕಟೆ ಎನಿಸುತ್ತದೆ. ದ ಡಾಲ್ಸ್ ಜನರಿಗೆ ಹಾಗೆನಿಸಲಿಲ್ಲ. ಯಂತ್ರಗಳ ಕಾವನ್ನು ಇಳಿಸಲು ನೀರು ಬೇಕು. ಎಷ್ಟು ನೀರು ಎಂಬುದನ್ನು ‘ದಿ ಆರೆಗೋನಿಯನ್’ ಪತ್ರಿಕೆ ಕೇಳಿದಾಗ, ಅದು ವ್ಯಾಪಾರದ ಗುಟ್ಟು ಎಂದು ನಗರಾಡಳಿತ 2021ರಲ್ಲಿ ಪತ್ರಿಕೆಯ ವಿರುದ್ಧವೇ ನ್ಯಾಯಾಲಯಕ್ಕೆ ಹೋಯಿತು. 2022ರ ಡಿಸೆಂಬರಿನಲ್ಲಿ ರಾಜಿಯಾಗಿ ಲೆಕ್ಕ ಹೊರಬಿತ್ತು. 2021ರಲ್ಲಿ ಗೂಗಲ್ ಬಳಸಿದ್ದು 35.5 ಕೋಟಿ ಗ್ಯಾಲನ್, ಸುಮಾರು 134 ಕೋಟಿ ಲೀಟರ್. ಇಡೀ ನಗರದ ಬಳಕೆಯ ಕಾಲುಭಾಗಕ್ಕೂ ಹೆಚ್ಚು. ಮಳೆ ಕಡಿಮೆಯಾದ, ಹಣ್ಣಿನ ತೋಟಗಳನ್ನೇ ನೆಚ್ಚಿದ ಸೀಮೆಯಲ್ಲಿ ಈ ಅಂಕಿ ಚರ್ಚೆ ಎಬ್ಬಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಲಸ ಬಂತು, ತೆರಿಗೆಯ ಜತೆಗೆ ಒಪ್ಪಂದದ ಹಣವೂ ಬಂತು ಎನ್ನುವವರೂ ಅಲ್ಲಿದ್ದಾರೆ, ನದಿಯ ಮುಂದಿನ ದಿನಗಳ ಚಿಂತೆಯುಳ್ಳವರೂ ಇದ್ದಾರೆ.

ಒಂದೇ ಚಿತ್ರದ ಹತ್ತು ಪ್ರತಿ, ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಹೆಸರುಗಳಲ್ಲಿ ಕೂಡಿಡುವ ಮಕ್ಕಳಿಗೆ ಈ ಲೆಕ್ಕ ಗೊತ್ತಿರುವುದು ಒಳ್ಳೆಯದು. ಬೇಕಾದ್ದನ್ನು ಮೂರು ಕಡೆ ಇಡುವುದು ವಿವೇಕ, ಬೇಡದ್ದನ್ನು ಹತ್ತು ಕಡೆ ಇಡುವುದು ದಂಡ.

ಹೋಗುವವರಿಗೆ

ಪೋರ್ಟ್‌ಲ್ಯಾಂಡಿನಿಂದ 84ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯ ಪಯಣ. ಊರಿನಲ್ಲಿ ಕೊಲಂಬಿಯಾ ಗಾರ್ಜ್ ಡಿಸ್ಕವರಿ ಸೆಂಟರ್ ಎಂಬ ವಸ್ತುಸಂಗ್ರಹಾಲಯವಿದೆ. ಸೇತುವೆ ದಾಟಿ ವಾಷಿಂಗ್ಟನ್ ರಾಜ್ಯದ ದಡಕ್ಕೆ ಹೋದರೆ ಕೊಲಂಬಿಯಾ ಹಿಲ್ಸ್ ಉದ್ಯಾನ. ಎತ್ತಿಟ್ಟ ಬಂಡೆಗಳನ್ನು ತಾವಾಗಿಯೇ ನೋಡಬಹುದು. ‘ನೋಡುತ್ತಿರುವವಳ’ ದರ್ಶನಕ್ಕೆ ಮಾತ್ರ ಮೊದಲೇ ಹೆಸರು ನೋಂದಾಯಿಸಿ ಮಾರ್ಗದರ್ಶಕರ ಜತೆಗೇ ಹೋಗಬೇಕು, ಹಿಂದೆ ಕಿಡಿಗೇಡಿಗಳ ಕೈ ಈ ಚಿತ್ರಗಳ ಮೇಲೆ ಆಡಿದ್ದರಿಂದ ಈ ಕಟ್ಟುನಿಟ್ಟು. ಇನ್ನೂ ಪೂರ್ವಕ್ಕೆ ಮೇರಿಹಿಲ್‌ನಲ್ಲಿ ಸ್ಯಾಮ್ ಹಿಲ್ ಎಂಬಾತ ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆ ಕಾಂಕ್ರೀಟಿನಲ್ಲಿ ಕಟ್ಟಿಸಿದ, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ನಕಲು ಇದೆ. ಮೂಲ ಹಾಳುಬಿದ್ದಿದ್ದರೂ ಈ ನಕಲು ಪೂರ್ಣ ರೂಪದಲ್ಲಿ ನಿಂತಿದೆ.

ಸಿಲೈಲೊ ಹಳ್ಳಿಯಲ್ಲಿ ಜನ ಇಂದಿಗೂ ವಾಸವಾಗಿದ್ದಾರೆ. ವಸಂತದಲ್ಲಿ ಮೊದಲ ಸಾಲ್ಮನ್ ಹಬ್ಬವನ್ನು ಇಂದಿಗೂ ಆಚರಿಸುತ್ತಾರೆ. 2008ರಲ್ಲಿ ಅಮೆರಿಕ ಸೇನೆಯ ಎಂಜಿನಿಯರುಗಳು ಸೋನಾರ್ ಯಂತ್ರದಿಂದ ನದಿಯ ತಳ ಅಳೆದ ನಕ್ಷೆಯನ್ನು ಹೊರತಂದರು. ಜಲಪಾತದ ಬಂಡೆಗಳು ಒಡೆಯದೆ, ಇದ್ದ ಹಾಗೆಯೇ ನೀರಿನಡಿ ಇವೆ ಎಂದು ಅದರಿಂದ ತಿಳಿಯಿತು. ಎಲ್ಲವೂ ಅಲ್ಲೇ ಇದೆ, ತೆರೆದು ನೋಡಲು ಮಾತ್ರ ಆಗುತ್ತಿಲ್ಲ. ಹಳ್ಳಿಯ ಹಿರಿಯರಿಗೆ ಆ ನಕ್ಷೆ ಸಮಾಧಾನ ತಂದಿತೋ ಸಂಕಟ ತಂದಿತೋ, ಎರಡೂ ಇದ್ದೀತು. ಮಕ್ಕಳು ಬರೆದದ್ದು, ಕೊರೆದದ್ದು, ಕಟ್ಟಿದ್ದು ಮುಂದೊಂದು ದಿನ ಅವರಿಗೇ ಬೇಕೆನಿಸಿದಾಗ, ಅದು ಎಲ್ಲೋ ಇದ್ದರೆ ಸಾಲದು, ಕೈಗೆ ಸಿಗುವಂತಿರಬೇಕು. ಅದಕ್ಕೆ ಬೇಕಾದ ಏರ್ಪಾಡು ಒಂದು ಭಾನುವಾರದ ಮಧ್ಯಾಹ್ನದ ಕೆಲಸ.